ಅಗ್ರಿಮೆಂಟ್ ಇಲ್ಲದ ಮನೆ ಬಿಡುವಾಗ: ಟೆಕ್ಸಸ್ ಕನ್ನಡಿಗರಿಗೆ ಕೆಲವು ಸೂತ್ರಗಳು

ಡಾಲಸ್ ಪಕ್ಕದ ರಿಚರ್ಡ್‌ಸನ್‌ಗೆ ಓದಲು ಬಂದ ಹುಡುಗರು, ಹ್ಯೂಸ್ಟನ್‌ನಲ್ಲಿ ಮೊದಲ ಕೆಲಸ ಹಿಡಿದವರು, ಪ್ರಾಜೆಕ್ಟ್ ಮೇಲೆ ಆಸ್ಟಿನ್‌ಗೆ ಬಂದಿಳಿದ ಸಂಸಾರಗಳು. ಇವರಲ್ಲಿ ಎಷ್ಟೋ ಜನ ಮೊದಲ ಮನೆ ಹಿಡಿಯುವುದು ಬಾಯಿಮಾತಿನ ಮೇಲೆ. ಕ್ರೆಡಿಟ್ ಸ್ಕೋರ್ ಇಲ್ಲ, ಸೋಶಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿಲ್ಲ, ದೊಡ್ಡ ಅಪಾರ್ಟ್‌ಮೆಂಟ್ ಕಂಪನಿಗಳು ಒಪ್ಪುವುದಿಲ್ಲ. ಪರಿಚಯದವರ ಪರಿಚಯದವರು ಒಂದು ರೂಮು ಕೊಡುತ್ತಾರೆ. ಡೆಪಾಸಿಟ್ ಝೆಲ್‌ನಲ್ಲಿ ಹೋಗುತ್ತದೆ. ಕೆಲವೇ ತಿಂಗಳಲ್ಲಿ ಬಚ್ಚಲು ಕಟ್ಟಿಕೊಳ್ಳುತ್ತದೆ, ಚಾವಣಿ ಸೋರುತ್ತದೆ, ಗೋಡೆಯ ತುಂಬ ಬೂಷ್ಟು. ಬಿಟ್ಟು ಹೋಗುತ್ತೇವೆ ಎಂದರೆ ಬರುವ ಉತ್ತರ: "ಅಗ್ರಿಮೆಂಟೇ ಇಲ್ಲ, ಇನ್ನು ಡೆಪಾಸಿಟ್ ಎಲ್ಲಿಂದ ಬಂತು?" ಈ ಒಂದು ಮಾತಿಗೆ ಹೆದರಿ ಹಣ ಬಿಟ್ಟು ಬರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಟೆಕ್ಸಸ್ ಕಾನೂನಿನಲ್ಲಿ ಕಾಗದ ಇಲ್ಲದಿದ್ದರೆ ಕೈಕಟ್ಟಿ ಹೋಗುವುದು ಬಹುಪಾಲು ಓನರ್‌ಗೆ, ಬಾಡಿಗೆದಾರನಿಗಲ್ಲ.

1. ಬಾಯಿಮಾತೂ ಕರಾರೇ ಎಂದು ತಿಳಿಯಿರಿ.
ಟೆಕ್ಸಸ್ ಪ್ರಾಪರ್ಟಿ ಕೋಡ್‌ನ 92ನೇ ಅಧ್ಯಾಯ ವಾಸದ ಮನೆಗಳ ಬಾಡಿಗೆಗೆ ಸಂಬಂಧಿಸಿದ್ದು. ಬರಹದಲ್ಲಿರಲಿ, ಬಾಯಿಮಾತಿನಲ್ಲಿರಲಿ, ಅದರ ಪ್ರಕಾರ ಎರಡೂ ಕರಾರೇ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದ್ದು ಮಾತ್ರ ಬರಹದಲ್ಲಿ ಇರಬೇಕು. ಇಡೀ ಮನೆಯೇ ಆಗಬೇಕೆಂದಿಲ್ಲ, ಒಂದು ರೂಮಾದರೂ ಸರಿ. ತಾನು ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನಲ್ಲಿ ನಿಮಗೊಂದು ರೂಮು ಒಳಬಾಡಿಗೆಗೆ ಕೊಟ್ಟ ಗೆಳೆಯನೂ ಕಾನೂನಿನ ಲೆಕ್ಕದಲ್ಲಿ ನಿಮಗೆ ಓನರ್. ಡೆಪಾಸಿಟ್‌ಗೆ ಅವನೇ ಉತ್ತರ ಕೊಡಬೇಕು. ಒಂದು ಎಚ್ಚರಿಕೆ: ಮೂಲ ಓನರ್ ಒಪ್ಪದೆ ಒಳಬಾಡಿಗೆ ಕೊಡುವಂತಿಲ್ಲ. ಹಾಗಾಗಿ ಅಪಾರ್ಟ್‌ಮೆಂಟ್ ಆಫೀಸಿನವರು ನಿಮ್ಮನ್ನು ಹೊರಡಿ ಎನ್ನಬಹುದು.

2. ಕಾಗದವಿಲ್ಲದ ಓನರ್‌ಗೆ ಯಾವ್ಯಾವ ಹಕ್ಕು ಇಲ್ಲ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ.
ಬಾಡಿಗೆ ತಡವಾಯಿತೆಂದು ಲೇಟ್ ಫೀ ಕೇಳಬೇಕಾದರೆ ಅದು ಬರಹದ ಕರಾರಿನಲ್ಲಿ ಇರಬೇಕು. ಬರಹದ ಕರಾರೇ ಇಲ್ಲದ ಮೇಲೆ ಲೇಟ್ ಫೀ ಇಲ್ಲ. ಬಾಕಿ ಇದೆ ಎಂದು ಬೀಗ ಬದಲಿಸುವ ಹಕ್ಕೂ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಬರುತ್ತದೆ, ಬರೆದಿದ್ದರೂ ಹತ್ತಾರು ನಿಯಮ ಪಾಲಿಸಬೇಕು. ಬಾಡಿಗೆ ಬಾಕಿಗೆ ನಿಮ್ಮ ಟಿವಿಯಂಥ ವಸ್ತು ಹಿಡಿದಿಟ್ಟುಕೊಳ್ಳಲೂ ಬರಹದ ಅನುಮತಿ ಬೇಕು. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. "ಮುಂಚೆ ನೋಟಿಸ್ ಕೊಡಲಿಲ್ಲ, ಆದ್ದರಿಂದ ಡೆಪಾಸಿಟ್ ಹೋಯಿತು" ಎನ್ನಬೇಕಾದರೆ ಆ ಷರತ್ತು ಕರಾರಿನಲ್ಲಿ ಅಡಿಗೆರೆ ಎಳೆದೋ ಎದ್ದು ಕಾಣುವ ದಪ್ಪಕ್ಷರದಲ್ಲೋ ಅಚ್ಚಾಗಿರಬೇಕು. ಹಾಳೆಯೇ ಇಲ್ಲದವರು ಅಡಿಗೆರೆ ಎಲ್ಲಿ ಎಳೆದಾರು?

ಇಷ್ಟಾದರೂ ಬೀಗ ಬದಲಿಸಿದರೆ ಮನೆ ಇರುವ ಪ್ರಿಸಿಂಕ್ಟಿನ (ಕೌಂಟಿಯ ವಿಭಾಗದ) ಜಸ್ಟಿಸ್ ಕೋರ್ಟಿಗೆ ಹೋಗಿ, ಪ್ರಮಾಣ ಮಾಡಿ ದೂರು ಕೊಡಿ. ಮರಳಿ ಒಳಗೆ ಬಿಡುವಂತೆ ನ್ಯಾಯಾಧೀಶರು ಆದೇಶ ಕೊಡಬಹುದು. ಹೊರದಬ್ಬಲು ಕರೆಂಟು, ನೀರು ಕತ್ತರಿಸಿದರೂ ಇಂಥದೇ ದಾರಿಯಿದೆ. ನಿಮ್ಮನ್ನು ಬಲವಂತವಾಗಿ ಹೊರಹಾಕಲು ಕೋರ್ಟಿನ ಆದೇಶ ಬೇಕು; ಓನರ್‌ನ ಏರುದನಿ ಸಾಲದು.

3. ಒಂದು ತಿಂಗಳ ನೋಟಿಸ್ ಕೊಡಿ, ತಾರೀಖು ಹಾಕಿ ಕೊಡಿ.
ಡೆಪಾಸಿಟ್ ಮಾತು ಹಾಗಿರಲಿ, ಬಾಡಿಗೆಯ ಋಣ ಬೇರೆ. ತಿಂಗಳಿಗೊಮ್ಮೆ ಬಾಡಿಗೆ ಕೊಡುವ ಮನೆಗೆ ಪ್ರಾಪರ್ಟಿ ಕೋಡ್‌ನ 91.001ನೇ ಕಲಮು ಅನ್ವಯಿಸುತ್ತದೆ: ನೋಟಿಸ್‌ನಲ್ಲಿ ಬರೆದ ದಿನ ಅಥವಾ ನೋಟಿಸ್ ಕೊಟ್ಟು ಒಂದು ತಿಂಗಳಾದ ದಿನ, ಯಾವುದು ತಡವೋ ಅಂದಿಗೆ ಬಾಡಿಗೆ ಮುಗಿಯುತ್ತದೆ. ಒಂದನೇ ತಾರೀಖಿಗೇ ಕಾಯಬೇಕಿಲ್ಲ. ಜೂನ್ 10ಕ್ಕೆ ಕೊಟ್ಟರೆ ಜುಲೈ 10ಕ್ಕೆ ಮುಗಿಯಿತು. ಜುಲೈನ ಬಾಡಿಗೆ ಆ ಹತ್ತು ದಿನದ್ದು ಮಾತ್ರ. ಓನರ್ ನಿಮ್ಮನ್ನು ಬಿಡಿಸಬೇಕಾದರೂ ಇದೇ ಒಂದು ತಿಂಗಳು ಕೊಡಬೇಕು. ಆದರೆ "ಆರು ತಿಂಗಳು ಇರುತ್ತೇನೆ" ಎಂದು ಮಾತು ಕೊಟ್ಟು ಬಂದಿದ್ದರೆ ಆ ಮಾತು ಲೆಕ್ಕಕ್ಕೆ ಬರುತ್ತದೆ. ಆಗಲೂ ಓನರ್ ಮನೆಯನ್ನು ಖಾಲಿ ಇಟ್ಟುಕೊಂಡು ಉಳಿದ ತಿಂಗಳಿನದನ್ನೆಲ್ಲ ನಿಮ್ಮಿಂದ ವಸೂಲು ಮಾಡುವಂತಿಲ್ಲ, ಬೇರೆಯವರಿಗೆ ಕೊಡಲು ಪ್ರಯತ್ನಿಸಲೇಬೇಕು.

4. ಕೊನೆಯ ತಿಂಗಳ ಬಾಡಿಗೆಯನ್ನು ಡೆಪಾಸಿಟ್‌ನಲ್ಲಿ ಮುರಿದುಕೊಳ್ಳಿ ಎನ್ನಬೇಡಿ.
ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಿದ್ದವರಿಗೆ ಇದು ಸಹಜವಾಗಿ ಬಾಯಿಗೆ ಬರುತ್ತದೆ. ಅಲ್ಲಿ ಎರಡೂ ಕಡೆಯವರು ಒಪ್ಪಿ ನಡೆಯುತ್ತದೆ. ಇಲ್ಲಿ ಡೆಪಾಸಿಟ್ ಇದೆಯಲ್ಲ ಎಂದು ನೀವಾಗಿಯೇ ಬಾಡಿಗೆ ನಿಲ್ಲಿಸಿದರೆ, ಅದು ದುರುದ್ದೇಶದಿಂದ ಮಾಡಿದ್ದೆಂದು ಕೋರ್ಟು ಕಂಡರೆ, ನಿಲ್ಲಿಸಿದ್ದರ ಮೂರು ಪಟ್ಟು ಮತ್ತು ಓನರ್‌ನ ವಕೀಲರ ಫೀಸು ನಿಮ್ಮ ತಲೆಗೆ. ರಿಪೇರಿ ಮಾಡಲಿಲ್ಲವೆಂಬ ಸಿಟ್ಟಿಗೂ ಬಾಡಿಗೆ ನಿಲ್ಲಿಸಬೇಡಿ. ಮುಂದಿನ ಸೂತ್ರದ ಹಕ್ಕುಗಳೆಲ್ಲ ಬಾಕಿ ಇಲ್ಲದವರಿಗೆ ಮಾತ್ರ.

5. ರಿಪೇರಿ ದೂರನ್ನು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ.
ಸಾಮಾನ್ಯ ಮನುಷ್ಯನ ಆರೋಗ್ಯಕ್ಕೆ ಅಥವಾ ಸುರಕ್ಷೆಗೆ ಧಕ್ಕೆ ತರುವಂಥ ದೋಷವನ್ನು ಸರಿಪಡಿಸುವ ಹೊಣೆ ಓನರ್‌ದು. ಒಳಗೆ ಉಕ್ಕಿಬರುವ ಕೊಳಚೆ, ಕುಡಿಯುವ ನೀರಿಲ್ಲದಿರುವುದು ಇಂಥವು. ಬಿಸಿನೀರು ಕನಿಷ್ಠ 120 ಡಿಗ್ರಿ ಫ್ಯಾರನ್‌ಹೀಟ್ ಬರಬೇಕೆಂದು ಕಾನೂನಿನಲ್ಲೇ ಇದೆ. ಬಾಯಿಮಾತಿನ ಕರಾರಿದ್ದಾಗ ಬಾಯಿಮಾತಿನ ದೂರೂ ನಡೆಯುತ್ತದೆ, ಆದರೆ ಅದನ್ನು ರುಜುವಾತು ಮಾಡುವುದು ಯಾರು? ಅಲ್ಲದೆ ಸಾಧಾರಣ ರೀತಿಯಲ್ಲಿ ಹೇಳಿದರೆ ಸಮಯ ಕೊಟ್ಟು ಎರಡನೇ ಸಲ ಬರಹದಲ್ಲಿ ಕೇಳಬೇಕು. ಸರ್ಟಿಫೈಡ್ ಮೇಲ್ ಅಥವಾ ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ಕಳಿಸಿದ್ದರೆ ಒಂದೇ ಪತ್ರ ಸಾಕು. ತಲುಪಿದ ಮೇಲೆ ಸಾಮಾನ್ಯವಾಗಿ 7 ದಿನ ನ್ಯಾಯವಾದ ಗಡುವು.

ಗಡುವು ದಾಟಿದರೂ ಕೈಹಾಕದಿದ್ದರೆ ಕರಾರು ಮುರಿದು ಹೊರಡಬಹುದು, ಹೊರಟ ದಿನದಿಂದಾಚೆಗೆ ಕೊಟ್ಟ ಬಾಡಿಗೆ ವಾಪಸು ಕೇಳಬಹುದು. ಕೋರ್ಟಿಗೆ ಹೋದರೆ ಒಂದು ತಿಂಗಳ ಬಾಡಿಗೆ ಮತ್ತು 500 ಡಾಲರ್ ದಂಡ, ಆದ ನಷ್ಟ, ಖರ್ಚು ಎಲ್ಲವೂ ಸಿಗುವ ಅವಕಾಶವಿದೆ. ನನ್ನ ಅಭಿಪ್ರಾಯ ಇಷ್ಟು: ತಿಂಗಳ ಬಾಡಿಗೆಯ ಮನೆಯಾದರೆ ಹೆಚ್ಚಿನವರಿಗೆ 3ನೇ ಸೂತ್ರದ ಸಾದಾ ನೋಟಿಸೇ ಕ್ಷೇಮ. ಕೊಳಚೆಯ ನಡುವೆ ಮಗುವನ್ನು ಇಟ್ಟುಕೊಂಡು ಒಂದು ತಿಂಗಳು ಕಾಯಲಾಗದವರು ಈ ದಾರಿ ಹಿಡಿಯಲಿ.

6. 311ಕ್ಕೆ ಫೋನ್ ಮಾಡಿ.
ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ನಗರಗಳಲ್ಲಿ ನಗರಾಡಳಿತಕ್ಕೆ ದೂರು ಕೊಡಲು ಇದೇ ನಂಬರ್. ನಗರದ ಕೋಡ್ ಇನ್‌ಸ್ಪೆಕ್ಟರ್ ಬಂದು ನೋಡಿ ಬರೆದ ವರದಿ ನಿಮ್ಮ ಪರವಾಗಿ ನಿಲ್ಲುವ ಗಟ್ಟಿ ಸಾಕ್ಷಿ. ರಾಜ್ಯದ ಕಾನೂನು ಎಲ್ಲ ಬಾಡಿಗೆ ಮನೆಗೂ ಎ.ಸಿ. ಇರಲೇಬೇಕು ಎನ್ನುವುದಿಲ್ಲ, ಆದರೆ ಡಾಲಸ್ ನಗರದ ನಿಯಮ ಬೇಸಿಗೆಯಲ್ಲಿ ಕೋಣೆಯನ್ನು ತಂಪಾಗಿಡುವ ವ್ಯವಸ್ಥೆ ಬೇಕೆನ್ನುತ್ತದೆ. ಆದ್ದರಿಂದ ನಿಮ್ಮ ನಗರದಲ್ಲಿ ಏನಿದೆ ಎಂದು ಕೇಳಿ ತಿಳಿಯುವುದು ಮುಖ್ಯ. ಪ್ಲೇನೊ, ಶುಗರ್ ಲ್ಯಾಂಡ್, ರೌಂಡ್ ರಾಕ್‌ನವರಿಗೆ ಅವರವರ ಊರಿನ ಕಚೇರಿಯೇ ಬೇರೆ.

"ದೂರು ಕೊಟ್ಟರೆ ನಾಳೆಯೇ ಎಬ್ಬಿಸುತ್ತಾರೆ" ಎಂಬ ಅಳುಕು ಬೇಡ. ನ್ಯಾಯವಾದ ದೂರಿಗೆ ಸೇಡಾಗಿ 6 ತಿಂಗಳೊಳಗೆ ಬಾಡಿಗೆ ಏರಿಸುವುದು, ಸೌಕರ್ಯ ಕಡಿಯುವುದು, ಎಬ್ಬಿಸಲು ಹೊರಡುವುದು ಕಾನೂನಿಗೆ ವಿರುದ್ಧ. ನೀವು ಬಾಡಿಗೆ ಬಾಕಿ ಉಳಿಸಿಕೊಂಡಿದ್ದರೆ ಈ ರಕ್ಷಣೆ ಸಡಿಲವಾಗುತ್ತದೆ.

7. ಪ್ರಕೃತಿ ವಿಕೋಪದಿಂದ ಮನೆ ಹಾಳಾದರೆ ಲೆಕ್ಕ ಬೇರೆ.
2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ಅನ್ನು ಮುಳುಗಿಸಿತು. 2021ರ ಫೆಬ್ರವರಿಯ ಹಿಮಗಾಳಿಗೆ ಮೂರೂ ನಗರಗಳಲ್ಲಿ ನೀರಿನ ಪೈಪುಗಳು ಒಡೆದವು. ಇನ್ಶೂರೆನ್ಸ್ ಇರುವ ಇಂಥ ಹಾನಿಯಲ್ಲಿ ಓನರ್‌ಗೆ ಆ ಹಣ ಕೈಸೇರಿದ ಮೇಲಷ್ಟೆ ರಿಪೇರಿಯ ಗಡುವು ಶುರುವಾಗುತ್ತದೆ. ಮನೆ ವಾಸಕ್ಕೆ ಪೂರ್ತಿ ಅಯೋಗ್ಯವಾಗಿದ್ದು ಅದಕ್ಕೆ ನೀವು ಕಾರಣರಲ್ಲದಿದ್ದರೆ, ರಿಪೇರಿ ಮುಗಿಯುವ ಮೊದಲು ಬರಹದ ನೋಟಿಸ್ ಕೊಟ್ಟು ಕರಾರು ಮುಗಿಸಿ. ಉಳಿದ ದಿನಗಳ ಬಾಡಿಗೆಯೂ ಡೆಪಾಸಿಟ್ಟೂ ನಿಮಗೆ ಬರಬೇಕು.

8. ಸಾಕ್ಷಿ ಕೂಡಿಡಿ.
ಝೆಲ್ ಪಾವತಿ, ವಾಟ್ಸಾಪ್ ಮಾತು, ನಿಮ್ಮ ಹೆಸರಿನ ಕರೆಂಟ್ ಬಿಲ್ಲು, ಆ ವಿಳಾಸಕ್ಕೆ ಬಂದ ಬ್ಯಾಂಕಿನ ಪತ್ರ. ನಗದು ಕೊಟ್ಟಿದ್ದರೆ ರಸೀದಿ ಕೇಳಿ. ನಗದಿಗೆ ರಸೀದಿ ಕೊಡುವುದು ಓನರ್‌ನ ಕರ್ತವ್ಯ. ಖಾಲಿ ಮಾಡುವ ದಿನ ಪ್ರತಿ ಕೋಣೆಯ ವಿಡಿಯೊ, ಒಲೆ ಫ್ರಿಜ್ಜುಗಳ ಒಳಗಿನ ಫೋಟೊ ತೆಗೆಯಿರಿ, ಕೀ ಹಿಂತಿರುಗಿಸಿದ್ದಕ್ಕೆ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ. ಓನರ್ ಯಾರೆಂಬುದೇ ಸರಿಯಾಗಿ ಗೊತ್ತಿಲ್ಲದಿದ್ದರೆ ಆಯಾ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಹಾಕಿ ಹುಡುಕಿ. ನಡುವೆ ಮನೆ ಮಾರಾಟವಾಗಿದ್ದರೆ ಡೆಪಾಸಿಟ್‌ನ ಹೊಣೆ ಹೊಸ ಓನರ್‌ಗೆ ಬರುತ್ತದೆ.

9. ಹೊಸ ವಿಳಾಸವನ್ನು ಬರೆದು ಕೊಡದೆ ಹೋಗಬೇಡಿ.
ಹೆಚ್ಚು ಜನ ಎಡವುವುದು ಇಲ್ಲೇ. ಖಾಲಿ ಮಾಡಿದ 30 ದಿನದೊಳಗೆ ಡೆಪಾಸಿಟ್ ಹಿಂದಿರುಗಿಸಬೇಕು, ನಿಜ. ಆದರೆ ನೀವು ಮುಂದಿನ ವಿಳಾಸವನ್ನು ಬರಹದಲ್ಲಿ ಕೊಡುವ ತನಕ ಓನರ್ ಕೊಡಬೇಕಾಗಿಲ್ಲ. ಕೊಡುವುದು ಮರೆತರೂ ಹಕ್ಕು ಹೋಗುವುದಿಲ್ಲ, ಇವತ್ತೇ ಕೊಡಿ. ಊರಿಗೆ ಮರಳುತ್ತಿದ್ದರೆ ಇಲ್ಲಿರುವ ನಂಬಿಕಸ್ಥರ ವಿಳಾಸ ಕೊಡಿ. ಮೂರೂ ಊರುಗಳಲ್ಲಿ ಕನ್ನಡ ಸಂಘಗಳಿವೆ. ಅಂಥವರು ಸಿಗುವುದು ಕಷ್ಟವಲ್ಲ.

10. ಸುಣ್ಣಬಣ್ಣದ ಖರ್ಚನ್ನು ಕಣ್ಣುಮುಚ್ಚಿ ಒಪ್ಪಬೇಡಿ.
ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ವಾಡಿಕೆ. ಟೆಕ್ಸಸ್‌ನಲ್ಲಿ ಮಾಮೂಲು ಬಳಕೆಯ ಸವೆತಕ್ಕೆ ಒಂದು ಸೆಂಟೂ ಕಳೆಯುವಂತಿಲ್ಲ. ಮಾಸಿದ ಬಣ್ಣ, ನಡೆದಾಡಿ ಸವೆದ ಕಾರ್ಪೆಟ್, ಹಳೆಯದಾಗಿ ಕೆಟ್ಟ ನಲ್ಲಿ ಸವೆತದ ಲೆಕ್ಕಕ್ಕೆ. ನಿಮ್ಮ ಅಜಾಗರೂಕತೆಯಿಂದ ಒಡೆದದ್ದಕ್ಕೆ ನೀವೇ ಹೊಣೆ. ಕಳೆದದ್ದಕ್ಕೆಲ್ಲ ಬಾಬುವಾರು ಪಟ್ಟಿ ಕೊಡಬೇಕು. 30 ದಿನದಲ್ಲಿ ಹಣವೂ ಬರಲಿಲ್ಲ, ಪಟ್ಟಿಯೂ ಬರಲಿಲ್ಲ ಎಂದರೆ ಓನರ್‌ನದು ದುರುದ್ದೇಶ ಎಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಅವರ ಮೇಲೆ. ಆಗ ಸಿಗುವುದು 100 ಡಾಲರ್, ಅನ್ಯಾಯವಾಗಿ ಹಿಡಿದದ್ದರ ಮೂರು ಪಟ್ಟು, ವಕೀಲರ ಫೀಸು. 900 ಡಾಲರ್ ಹಿಡಿದಿದ್ದರೆ ಫೀಸು ಬಿಟ್ಟೇ 2,800 ಡಾಲರ್. ಕೋರ್ಟಿಗೆ ಹೋಗುವ ಮುನ್ನ ಈ ಲೆಕ್ಕವನ್ನು ಒಂದು ಪತ್ರದಲ್ಲಿ ಬರೆದು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ.

11. ಪತ್ರಕ್ಕೆ ಬಗ್ಗದಿದ್ದರೆ ಜಸ್ಟಿಸ್ ಕೋರ್ಟು.
20,000 ಡಾಲರ್‌ವರೆಗಿನ ವ್ಯಾಜ್ಯ ಇಲ್ಲಿ ನಡೆಯುತ್ತದೆ, ವಕೀಲರು ಬೇಕೇಬೇಕೆಂದಿಲ್ಲ. ಶುಲ್ಕ ಕಟ್ಟಲು ಶಕ್ತಿಯಿಲ್ಲದವರು ಹಾಗೆಂದು ಪ್ರಮಾಣಪತ್ರ ಸಲ್ಲಿಸಬಹುದು. ಅರ್ಜಿಯ ನಮೂನೆಗಳು ಟೆಕ್ಸಸ್ ಲಾ ಹೆಲ್ಪ್ ಜಾಲತಾಣದಲ್ಲಿ ಉಚಿತ. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಸಂಸ್ಥೆಗಳೂ ಇವೆ: ಡಾಲಸ್‌ಗೆ ಲೀಗಲ್ ಏಡ್ ಆಫ್ ನಾರ್ತ್‌ವೆಸ್ಟ್ ಟೆಕ್ಸಸ್, ಹ್ಯೂಸ್ಟನ್‌ಗೆ ಲೋನ್ ಸ್ಟಾರ್ ಲೀಗಲ್ ಏಡ್, ಆಸ್ಟಿನ್‌ಗೆ ಟೆಕ್ಸಸ್ ರಿಯೊ ಗ್ರಾಂಡೆ ಲೀಗಲ್ ಏಡ್. ಕೇಂದ್ರ ಸರ್ಕಾರದ ಷರತ್ತಿನಿಂದಾಗಿ ವಿದ್ಯಾರ್ಥಿ ವೀಸಾ, ಎಚ್-1ಬಿ ವೀಸಾದವರಿಗೆ ಇವು ಸಾಮಾನ್ಯವಾಗಿ ದಕ್ಕುವುದಿಲ್ಲ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನಲ್ಲಿ ವಿದ್ಯಾರ್ಥಿಗಳಿಗೆಂದೇ ಕಾನೂನು ಸಲಹಾ ಕಚೇರಿ ಇದೆ, ಅಲ್ಲಿ ಓದುವವರು ಮೊದಲು ಅಲ್ಲಿಗೆ ಹೋಗಲಿ.

ವೀಸಾಕ್ಕೆ ತೊಂದರೆಯಾದೀತೆಂದು ಸುಮ್ಮನಾಗುವವರಿಗೆ ಒಂದು ಮಾತು: ಡೆಪಾಸಿಟ್ ಕೇಳುವುದು ಸಿವಿಲ್ ವ್ಯವಹಾರ, 92ನೇ ಅಧ್ಯಾಯದ ಹಕ್ಕು ನಾಗರಿಕರಿಗಷ್ಟೇ ಸೀಮಿತವಲ್ಲ. ಅರ್ಜಿ ಹಾಕುವ ಮುನ್ನ ಮನೆ ಯಾವ ಕೌಂಟಿಯ ಯಾವ ಪ್ರಿಸಿಂಕ್ಟಿಗೆ ಸೇರಿದೆ ಎಂದು ನೋಡಿಕೊಳ್ಳಿ. ಹ್ಯೂಸ್ಟನ್ ಬಹುಪಾಲು ಹ್ಯಾರಿಸ್ ಕೌಂಟಿ, ಶುಗರ್ ಲ್ಯಾಂಡ್ ಫೋರ್ಟ್ ಬೆಂಡ್. ಆಸ್ಟಿನ್ ಬಹುಪಾಲು ಟ್ರಾವಿಸ್, ರೌಂಡ್ ರಾಕ್ ಹೆಚ್ಚಿನಂಶ ವಿಲಿಯಮ್‌ಸನ್. ರಿಚರ್ಡ್‌ಸನ್ ಊರಂತೂ ಡಾಲಸ್ ಮತ್ತು ಕಾಲಿನ್ ಎರಡು ಕೌಂಟಿಗಳಲ್ಲಿ ಹಂಚಿಹೋಗಿದೆ.