ಆ ಊರಿನ ಹೆಸರು

ಮಡಿಕೇರಿ
ಜುಲೈ 10

ಪುಟ್ಟೀ,

 ಇಲ್ಲಿ ಮಳೆ ಬಿಡುವು ಕೊಟ್ಟಿಲ್ಲ. ಮೂರು ದಿನದಿಂದ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತಿದೆ, ಫೋನು ಸತ್ತು ಬಿದ್ದಿದೆ. ಅದಕ್ಕೇ ಕಾಗದ ಹಿಡಿದೆ.

ಮೊನ್ನೆ ನೀನು, 'ಕಾಲೇಜಿನಲ್ಲಿ 26ಕ್ಕೆ ಕಾರ್ಗಿಲ್ ವಿಜಯ ದಿವಸ ಮಾಡ್ತಿದ್ದೀವಿ, ಸನ್ಮಾನಕ್ಕೆ ಮೈಸೂರಲ್ಲಿರುವ ವೀರನಾರಿಯರು ಯಾರಾದರೂ ಇದ್ದರೆ ಹೇಳು ಅಜ್ಜ' ಅಂದೆ. ನಾನು 'ನೋಡೋಣ' ಅಂದು ಜಾರಿಕೊಂಡೆ. ಒಬ್ಬರು ಇದ್ದಾರೆ, ಕಾಳಗದಲ್ಲಿ ಗಂಡನನ್ನು ಕಳೆದುಕೊಂಡವರು. ಅವರ ವಿಷಯ ಹೇಳಲು ನನಗೆ ನಾಚಿಕೆ, ಅಷ್ಟೆ.

ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದೆ ಎಂದರೆ ನೀನು ಚಿಕ್ಕವಳಿದ್ದಾಗ ನಗುತ್ತಿದ್ದೆ, ಬಂದೂಕು ಹಿಡಿಯದ ಸೈನಿಕ ಅಂತ. ನಮ್ಮ ಕೆಲಸ ಬೇರೆಯದೇ. ಹೊಸ ಹುಡುಗ ಪಲ್ಟನ್ನಿಗೆ ಬಂದರೆ ಕಿಂಡ್ರೆಡ್ ರೋಲ್ ತುಂಬಬೇಕು: ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಹುಟ್ಟಿದ ತಾರೀಖು. ಮುಂದೆ ಏನೇ ಆದರೂ ಮನೆಯವರನ್ನು ಸರ್ಕಾರ ಗುರುತಿಸುವುದು ಆ ಹಾಳೆಯಿಂದ. ಆಗಷ್ಟೇ ಮದುವೆಯಾಗಿ ಬಂದಿದ್ದ ಮೈಸೂರು ಕಡೆಯ ಹುಡುಗನೊಬ್ಬನನ್ನು ಹೆಂಡತಿಯ ಹೆಸರು ಕೇಳಿದೆ. ಅವನು ನಾಚಿಕೊಂಡು ಮನೆಯಲ್ಲಿ ಕರೆಯುವ ಹೆಸರು ಹೇಳಿದ. ನಾನು ಮರುಮಾತಿಲ್ಲದೆ ಬರೆದುಕೊಂಡೆ.

1987ರ ಅಕ್ಟೋಬರಿನಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಅವನು ಶ್ರೀಲಂಕೆಗೆ ಹೋದ. ಜಾಫ್ನಾ ಹಿಡಿಯುವ ಕಾಳಗದಲ್ಲಿ ತೀರಿಕೊಂಡ. ದೇಹ ಮನೆಗೆ ಬರಲಿಲ್ಲ, ಅಲ್ಲೇ ದಹನವಾಯಿತು. ಬಂದದ್ದು ಒಂದು ತಂತಿ, ಆಮೇಲೆ ಒಂದು ಕಪ್ಪು ಟ್ರಂಕು. ಟ್ರಂಕಿನ ಸಾಮಾನು ಪಟ್ಟಿ ಮಾಡಿದವನೂ ನಾನೇ. ಆ ಹೆಣ್ಣುಮಗಳು ಪಿಂಚಣಿಗೆಂದು ಅರ್ಜಿ ಹಾಕಿದರೆ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ನನ್ನ ಹಾಳೆಯಲ್ಲಿ ಇನ್ನೊಂದು. ಅಫಿಡವಿಟ್ಟು, ತಹಸೀಲ್ದಾರರ ಸಹಿ, ರೆಕಾರ್ಡ್ ಆಫೀಸಿಗೆ ಪತ್ರದ ಮೇಲೆ ಪತ್ರ. ಎಂಟು ತಿಂಗಳು ಅವಳು ತಾನೇ ಅವನ ಹೆಂಡತಿ ಎಂದು ಸಾಬೀತು ಮಾಡುತ್ತಾ ಓಡಾಡಿದಳು. ಅದು ನನ್ನ ಅರ್ಧ ನಿಮಿಷದ ಸೋಮಾರಿತನ ಮಗೂ.

ನಿವೃತ್ತಿಯಾದ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕಾಫಿ ಕೊಟ್ಟರು. ಕೊಟ್ಟು, 'ಅವರು ತೀರಿಕೊಂಡ ಊರಿನ ಹೆಸರೇನು?' ಅಂದರು. ಅಷ್ಟು ವರ್ಷ ಯಾರೂ ಅವರಿಗೆ ಅದನ್ನು ಹೇಳಿರಲಿಲ್ಲ! ಕಾಗದದಲ್ಲಿ 'ಕಾರ್ಯಾಚರಣೆಯ ವೇಳೆ' ಅಂತಷ್ಟೇ ಇತ್ತು. ನಾನು 'ಕೋಪಾಯ್, ಜಾಫ್ನಾ ಪಕ್ಕದಲ್ಲೇ' ಅಂದೆ. ಒಳಗಿನಿಂದ ಕ್ಯಾಲೆಂಡರ್ ತಂದು ಅದರ ಹಿಂದೆ ಬರೆಸಿಕೊಂಡರು.

ನಮ್ಮ ಬಸ್ ನಿಲ್ದಾಣದ ಬಳಿಯ ದೇವಯ್ಯ ವೃತ್ತವನ್ನು ದಾಟಿಕೊಂಡೇ ನೀನು ಶಾಲೆಗೆ ಹೋದವಳು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕತೆಯೂ ಇಂಥದ್ದೇ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ತಂಡದಲ್ಲಿ ಅವರು ಸ್ಟ್ಯಾಂಡ್‌ಬೈ. ಒಂದು ವಿಮಾನ ಹಿಂದುಳಿದಿದ್ದರಿಂದ ಹೊರಟರು, ಮರಳಲಿಲ್ಲ. ಮನೆಗೆ ಬಂದ ಸುದ್ದಿ 'ಕಾಣೆಯಾಗಿದ್ದಾರೆ'. ತಮ್ಮ ಮಿಸ್ಟೇರ್‌ಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದು ಇಲ್ಲಿ ಗೊತ್ತಾದದ್ದು 1979ರಲ್ಲಿ, ಅದೂ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರ ಸೇರಿಸಿ ಬರೆದ ಪುಸ್ತಕದಿಂದ. 1988ರಲ್ಲಿ ಪತ್ನಿ ಸುಂದರಿ ದೇವಯ್ಯನವರ ಕೈಗೆ ಮಹಾವೀರ ಚಕ್ರ ಬಂತು. ವಾಯುಪಡೆಯಲ್ಲಿ ಮರಣೋತ್ತರವಾಗಿ ಆ ಪದಕ ಪಡೆದವರು ಅವರೊಬ್ಬರೇ. ಎಲ್ಲರೂ ಪದಕದ ಮಾತಾಡುತ್ತಾರೆ. ನನ್ನನ್ನು ಕಾಡುವುದು ಸುದ್ದಿ ಬರುವ ಮೊದಲಿನ ವರ್ಷಗಳು. ಸತ್ತರೋ, ಸೆರೆಯಲ್ಲಿದ್ದಾರೋ, ಏನಾಯಿತೋ ತಿಳಿಯದೆ ಕಾಯುವ ಮನೆಗೆ ಪದಕಕ್ಕಿಂತ ಮೊದಲು ಬೇಕಾದದ್ದು ಸುದ್ದಿ.

ಶ್ರೀಲಂಕೆಯಲ್ಲಿ ನಮ್ಮವರು 1100ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಾರ್ಗಿಲ್‌ನವರ ದೇಹಗಳು ಊರೂರಿಗೆ ಬಂದವು, ಊರೇ ಸೇರಿ ಮೆರವಣಿಗೆ ಮಾಡಿತು, ನಿಮ್ಮ ಕಾಲೇಜಿಗೂ ದಿನ ನೆನಪಿದೆ. ಶ್ರೀಲಂಕೆಯಲ್ಲಿ ಮಡಿದ ಬಹುತೇಕರಿಗೆ ಅದು ಸಿಗಲಿಲ್ಲ. 2019ರ ಫೆಬ್ರವರಿ 25ರಂದು ದೆಹಲಿಯ ಇಂಡಿಯಾ ಗೇಟ್ ಹತ್ತಿರ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತಲ್ಲ, ಅದರ ತ್ಯಾಗ ಚಕ್ರದ ಗೋಡೆಗಳಲ್ಲಿ 25 ಸಾವಿರಕ್ಕೂ ಮೀರಿದ ಹೆಸರುಗಳಿವೆ. ಒಂದೊಂದು ಕಲ್ಲಿಗೆ ಒಂದೊಂದು ಹೆಸರು. ನಮ್ಮ ಹುಡುಗನ ಹೆಸರೂ ಇದೆ, ತಪ್ಪಿಲ್ಲದೆ ಇದೆ. ನಾನು ಹೋಗಿ ಒಂದೊಂದೇ ಅಕ್ಷರ ಕೂಡಿಸಿ ಓದಿ ಬಂದಿದ್ದೇನೆ. ಕ್ಲರ್ಕ್ ಬುದ್ಧಿ.

ಸನ್ಮಾನ ಬೇಡ ಅನ್ನುತ್ತಿಲ್ಲ. ಆದರೆ ಆ ತಾಯಿಯ ಟ್ರಂಕಿನಲ್ಲಿ ಈಗಾಗಲೇ ಹನ್ನೊಂದು ಶಾಲುಗಳಿವೆ. ಒಮ್ಮೆ ಒಂದು ಸಭೆಯಲ್ಲಿ ಮೂರು ಗಂಟೆ ಕೂರಿಸಿ, ಮೈಕಿನಲ್ಲಿ ಗಂಡನ ಹೆಸರು ತಪ್ಪು ಹೇಳಿ ಶಾಲು ಹೊದಿಸಿ ಕಳಿಸಿದ್ದರಂತೆ. ನೀನು ಹಾಗೆ ಮಾಡುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. 26ಕ್ಕೆ ಮೊದಲು ಒಂದು ಭಾನುವಾರ ಅವರ ಮನೆಗೆ ಹೋಗು. ಬರಿಗೈಯಲ್ಲಿ ಬೇಡ, ಒಂದು ಚಿಪ್ಪು ಬಾಳೆಹಣ್ಣು ಸಾಕು. ಅವನ ಬಗ್ಗೆ ಅವರೇ ಹೇಳಲಿ. ಪೆನ್ನು, ಪುಸ್ತಕ ಇಟ್ಟುಕೊಂಡು ಬರೆದುಕೋ. ಅವನು ಕಬಡ್ಡಿ ಆಡುತ್ತಿದ್ದ, ಪಲ್ಟನ್ನಿನಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ. ಬರೆದದ್ದನ್ನು ಅವರಿಗೆ ಒಮ್ಮೆ ಓದಿ ಹೇಳಿ, ಸರಿ ಅಂದ ಮೇಲೆ ವೇದಿಕೆಯಲ್ಲಿ ಓದು. ಬರಲು ಇಷ್ಟವಿಲ್ಲ ಅಂದರೆ ಒತ್ತಾಯ ಮಾಡಬೇಡ.

ಅವರಿಗೆ ಬಲಗಿವಿ ಕೇಳಿಸುವುದಿಲ್ಲ. ಎಡಗಡೆ ಕೂತು ಮಾತಾಡಿಸು. ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ, ಹೆಸರು ಸರ್ಟಿಫಿಕೇಟಿನಲ್ಲಿ ಇರುವಂತೆಯೇ.

ಇಂತಿ ನಿನ್ನ
ಅಜ್ಜ