ತತ್ವಜ್ಞಾನವೆಂದರೇನು?

ಬಂಡೀಪುರದ ಕಾಡಂಚಿನ ಹೊಲಗಳಲ್ಲಿ ಮಳೆಗಾಗಿ ಕಾಯುವ ನಮಗೆ ನೀರೇ ಜೀವವೆಂದು ಯಾರೂ ಕಲಿಸಬೇಕಾಗಿಲ್ಲ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಗ್ರೀಕನಾದ ಥೇಲೀಸನು ಸಮಸ್ತಕ್ಕೂ ನೀರೇ ಮೂಲವೆಂದು ಹೇಳಿದನು. ಆ ಉತ್ತರವು ನಿಲ್ಲಲಿಲ್ಲ. ಎಲ್ಲಕ್ಕೂ ಮೂಲವು ಯಾವುದೆಂಬ ಅವನ ಪ್ರಶ್ನೆಯು ನಿಂತಿತು. ಹೀಗೆ ಮೂಲವನ್ನೂ ಕಾರಣವನ್ನೂ ವಿಚಾರಿಸುವುದೇ ತತ್ವಜ್ಞಾನವು.

ಅಥೇನೆ ಪಟ್ಟಣದ ಸಾಕ್ರಟೀಸನು ನ್ಯಾಯವೇನು, ಸದ್ಗುಣವೇನು ಎಂದು ಜನರನ್ನು ಕೇಳುತ್ತಾ ಬಂದನು, ಕ್ರಿ.ಪೂ. 399ರಲ್ಲಿ ಮರಣದಂಡನೆಗೆ ಗುರಿಯಾಗಿ ವಿಷವನ್ನು ಕುಡಿದನು. ಶತಮಾನಗಳ ತರುವಾಯ ಅದೇ ಪಟ್ಟಣದಲ್ಲಿ ಅಪೊಸ್ತಲನಾದ ಪೌಲನು ಎಪಿಕೂರಿಯ, ಸ್ತೋಯಿಕ ಪಂಡಿತರಿಗೆ ಹೆದರದೆ ಅವರೊಡನೆ ಚರ್ಚಿಸಿ, ಅವರು ಅರಿಯದ ದೇವರನ್ನು ಸಾರಿದನು (ಅ. ಕೃ. 17).

ಆದದರಿಂದ ಗುಂಡ್ಲುಪೇಟೆಯಲ್ಲಿ ಓದಿ ಬಂದ ಮಗನು, “ಅಪ್ಪಾ, ದೇವರಿದ್ದಾನೆಂದು ನಿನಗೆ ಹೇಗೆ ಗೊತ್ತು?” ಎಂದು ಕೇಳಿದರೆ ನಾವು ಗದರಿಸದೆ, ಪಕ್ಕದಲ್ಲಿ ಕೂರಿಸಿಕೊಂಡು, ನಾವು ನಂಬಿದ ಕಾರಣವನ್ನು ತಿಳಿಸೋಣ. ಗದರಿಕೆಯಿಂದ ಮಗನು ಸುಮ್ಮನಾದಾನೇ ಹೊರತು ನಂಬುವವನಾಗನು.