ಕೊರೋನಾ ವ್ಯಾಧಿ: ಶ್ವಾಸಕೋಶದಿಂದ ಸರ್ವಾಂಗಕ್ಕೆ

2019ರ ಡಿಸೆಂಬರಿನಲ್ಲಿ ಚೀನಾ ದೇಶದ ವುಹಾನ್ ನಗರದಲ್ಲಿ ತಲೆದೋರಿದ ಕೊರೋನಾ ವ್ಯಾಧಿಯನ್ನು ವೈದ್ಯರು ಮೊದಲು ಕಾರಣವರಿಯದ ನ್ಯುಮೋನಿಯಾ ಎಂದೇ ಗಣಿಸಿದರು. 2020ರ ಮಾರ್ಚಿನಲ್ಲಿ ಕಲಬುರಗಿಯ ವೃದ್ಧರೊಬ್ಬರು ಇದಕ್ಕೆ ತುತ್ತಾದುದು ಭಾರತದಲ್ಲಿ ದಾಖಲಾದ ಪ್ರಥಮ ಮರಣ. ಅಂದಿನಿಂದ ಜನಸಾಮಾನ್ಯರ ಮನಸ್ಸಿನಲ್ಲಿ ಇದು ಕೇವಲ ಉಸಿರಾಟದ ಬೇನೆಯೆಂದು ನೆಲೆನಿಂತಿತು. ಆದರೆ ಶ್ವಾಸಕೋಶವು ಈ ವ್ಯಾಧಿಗೆ ಹೆಬ್ಬಾಗಿಲೇ ಹೊರತು ಅದರ ಎಲ್ಲೆಯಲ್ಲ.

ಈ ವೈರಾಣು ಜೀವಕೋಶದ ಹೊರಮೈಯಲ್ಲಿರುವ ಎಸಿಇ-2 ಎಂಬ ಪ್ರೋಟೀನಿಗೆ ಅಂಟಿಕೊಂಡು ಒಳಸೇರುತ್ತದೆ. ಆ ಪ್ರೋಟೀನು ಶ್ವಾಸಕೋಶದಲ್ಲಷ್ಟೇ ಅಲ್ಲದೆ ಹೃದಯ, ಮೂತ್ರಪಿಂಡ ಮತ್ತು ಕರುಳುಗಳಲ್ಲಿಯೂ ಉಂಟು. ಆದರೂ ತೀವ್ರ ರೋಗಿಗಳಲ್ಲಿ ವೈರಾಣುವಿಗಿಂತ ಹೆಚ್ಚಿನ ಹಾನಿಯು ಅನೇಕ ವೇಳೆ ಶರೀರದ ಸ್ವಂತ ರಕ್ಷಣಾಶಕ್ತಿಯಿಂದಲೇ ಒದಗುತ್ತದೆ. ಶತ್ರುವನ್ನು ಹೊಡೆಯಲೆದ್ದ ಸೈನ್ಯವು ಮಿತಿಮೀರಿ ತನ್ನ ಊರನ್ನೇ ಸುಡುವಂತೆ, ಅಂಗಾಂಗಗಳಲ್ಲಿ ಉರಿಯೂತವೆದ್ದು ರಕ್ತನಾಳಗಳ ಒಳಪದರವು ಘಾಸಿಗೊಳ್ಳುತ್ತದೆ. ರಕ್ತವು ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ. ಜೊತೆಗೆ ಆಮ್ಲಜನಕದ ಕೊರತೆಯೂ ಕೂಡಿಕೊಳ್ಳುತ್ತದೆ.

ಹೀಗಾಗಿ ಹೃದಯದ ಸ್ನಾಯು ಊದಿಕೊಳ್ಳಬಹುದು. ಮೂತ್ರಪಿಂಡಗಳು ಸೋತು ಡಯಾಲಿಸಿಸ್ ಅಗತ್ಯವಾಗಬಹುದು. ಹೆಪ್ಪುಗಟ್ಟಿದ ರಕ್ತವು ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ಬಡಿಯಬಹುದು. ಮಧುಮೇಹ, ರಕ್ತದೊತ್ತಡಗಳುಳ್ಳವರಿಗೆ ಅಪಾಯವು ಅಧಿಕ.

ಈ ತಿಳಿವಳಿಕೆಯಿಂದಲೇ ಚಿಕಿತ್ಸೆಯೂ ಮಾರ್ಪಟ್ಟಿತು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬಳಕೆಗೆ ಬಂದಿತು. ಉರಿಯೂತವನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧವು ಕೃತಕ ಉಸಿರಾಟದಲ್ಲಿದ್ದವರ ಮರಣವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸಿತೆಂದು 2020ರ ಜೂನಿನಲ್ಲಿ ಬ್ರಿಟನ್ನಿನ ಪ್ರಯೋಗವು ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಇಂಥ ಔಷಧಗಳನ್ನು ಹೊತ್ತರಿಯದೆ, ಮಿತಿಯರಿಯದೆ ಸೇವಿಸಿದುದು 2021ರಲ್ಲಿ ಮಧುಮೇಹಿಗಳನ್ನು ಕಾಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಒಂದು ಕಾರಣವಾಯಿತು.

2023ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿಯನ್ನು ಕೊನೆಗೊಳಿಸಿತು. ವ್ಯಾಧಿಯು ಮಾತ್ರ ಕೊನೆಗೊಳ್ಳಲಿಲ್ಲ. ಜ್ವರವಿಳಿದು ತಿಂಗಳುಗಳು ಕಳೆದರೂ ಕೆಲವರಲ್ಲಿ ಆಯಾಸ, ಎದೆಬಡಿತ, ಮರೆವುಗಳು ಉಳಿಯುತ್ತವೆ. ಅಂಥವರು ಎದೆನೋವು, ಏದುಸಿರು, ಕಾಲಿನ ಬಾವುಗಳನ್ನು ಅಲಕ್ಷಿಸದೆ ವೈದ್ಯರಿಗೆ ತೋರಿಸಿಕೊಳ್ಳುವುದು ಶ್ರೇಯಸ್ಕರ. ಶರಣರು ದೇಹವನ್ನು ದೇವಾಲಯವೆಂದು ಭಾವಿಸಿದರು. ದೇವಾಲಯದ ಬಾಗಿಲನ್ನು ಮಾತ್ರ ದುರಸ್ತಿಗೊಳಿಸಿ ಗರ್ಭಗುಡಿಯನ್ನು ಮರೆಯುವುದು ಸಲ್ಲದು. ಕಾಯಿಲೆಯಿಂದೆದ್ದು ಶಾಲೆಗೆ ಮರಳಿದ ಬಾಲಕನ ಬಳಲಿಕೆಯನ್ನು ಸೋಮಾರಿತನವೆಂದು ಬಗೆಯದಿರುವುದು ಗುರುವಿನ ವಿವೇಕ.